ವ್ಯಾನಿನ ಹೊಟ್ಟಿನ ಒಲೆ

ಅವರ ಎಡಹುಬ್ಬು ಅರ್ಧಕ್ಕೇ ನಿಂತುಹೋಗಿತ್ತು. ಎಂದೋ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ಯಾಂಟೀನಿನ ಒಲೆ ಭುಗ್ಗೆಂದಾಗ ಸುಟ್ಟದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಹಾಗಾಗಿ ಅವರು ಸುಮ್ಮನೆ ನೋಡಿದರೂ ಏನೋ ಅನುಮಾನಪಟ್ಟ ಹಾಗೆ ಕಾಣುತ್ತಿತ್ತು. ನನ್ನ ಕೆಲಸವನ್ನು ಹಾಗೆ ನೋಡಿದ ಮೊದಲ ದಿನವೇ ನನಗೆ ಅವರು ಹಿಡಿಸಲಿಲ್ಲ.

ಅವರು ಕಣ್ಣಿನ ಡಾಕ್ಟರ ವ್ಯಾನಿನ ಅಡುಗೆಯವರು. ನಾವೆಲ್ಲ ಅಡುಗೆಯಣ್ಣ ಎನ್ನುತ್ತಿದ್ದೆವು. ವ್ಯಾನ್ ಮಾತ್ರ ನಾನು ಕಟ್ಟಿದ್ದು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಭದ್ರಾವತಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಅಚ್ಚು ಮಾಡುವುದನ್ನು ಕಲಿತು, ಆಮೇಲೆ ಶಿವಮೊಗ್ಗದಲ್ಲಿ ರಾಗಿಗುಡ್ಡದ ಕಡೆ ಸ್ವಂತ ಶೆಡ್ಡು ಹಾಕಿದವನು ನಾನು. ಡಾಕ್ಟರು ಒಂದು ಹಳೇ ಬಸ್ಸು ತಂದು ನಿಲ್ಲಿಸಿ, ಇದರೊಳಗೆ ಮಲಗಬೇಕು, ಅಡುಗೆ ಆಗಬೇಕು, ಕಣ್ಣಿನ ಆಪರೇಷನ್ನೂ ಆಗಬೇಕು ಎಂದರು. ಮೂರು ತಿಂಗಳಲ್ಲಿ ಮಾಡಿ ಕೊಟ್ಟೆ. ಗ್ಯಾಸ್ ಸಿಲಿಂಡರ್ ಅಲ್ಲಾಡದ ಹಾಗೆ ಒಂದು ಕಬ್ಬಿಣದ ಗೂಡನ್ನೂ ಕೂಡಿಸಿದ್ದೆ. ಆಗ ನಮ್ಮೂರಲ್ಲಿ ಗ್ಯಾಸ್ ಕಂಡವರೇ ಕಡಿಮೆ. ನೋಡುವುದಕ್ಕೆಂದೇ ಜನ ಶೆಡ್ಡಿಗೆ ಬರುತ್ತಿದ್ದರು.

ತೊಂದರೆಯಾದದ್ದು ಆ ಗ್ಯಾಸಿನಿಂದಲೇ. ಸಿಲಿಂಡರ್ ಬೆಂಗಳೂರಿಂದ ಲಾರಿಯಲ್ಲಿ ಬರಬೇಕು. ಒಂದು ಸಲ ಶಿಬಿರದ ನಡುವೆಯೇ ಖಾಲಿಯಾಯಿತು. ಡಾಕ್ಟರ ಸೂಜಿ, ಚಿಮಟ ಕುದಿಸಲಿಕ್ಕಾಗದೆ, ಕಣ್ಣಿಗೆ ಪೊರೆ ಬಂದ ನಾಲ್ಕು ಜನ ಮುದುಕರನ್ನು ವಾಪಸು ಕಳಿಸಬೇಕಾಯಿತು. ಡಾಕ್ಟರು ಅವತ್ತು ಊಟ ಮಾಡಲಿಲ್ಲ. "ಇನ್ನು ಮೇಲೆ ಗ್ಯಾಸು ಸೂಜಿಗೆ ಮಾತ್ರ. ಅನ್ನಕ್ಕೆ, ಗಂಜಿಗೆ, ಬಿಸಿನೀರಿಗೆ ಬೇರೆ ದಾರಿ ನೋಡಿ" ಎಂದರು.

ನನ್ನ ವ್ಯಾನು, ದಾರಿಯನ್ನೂ ನಾನೇ ಹುಡುಕುತ್ತೇನೆ ಅಂದುಕೊಂಡೆ. ಇಂಜಿನ್ನಿನ ಬಿಸಿಯಲ್ಲಿ ನೀರು ಕಾಯಿಸಲು ತಗಡಿನ ಡಬ್ಬಿ ಮಾಡಿದೆ. ಆ ನೀರಿನಲ್ಲಿ ಮಾಡಿದ ಕಾಫಿ ಡೀಸೆಲ್ ನಾತ ಹೊಡೆಯಿತು.

ಅಡುಗೆಯಣ್ಣ ಒಂದು ಹಳೇ ಎಣ್ಣೆ ಡಬ್ಬ ತಂದರು, ಅಷ್ಟೇ. ತಳದ ಹತ್ತಿರ ಪಕ್ಕಕ್ಕೆ ಒಂದು ತೂತು. ನಡುವೆ ಸೀಸೆ ನಿಲ್ಲಿಸಿ, ಸುತ್ತ ಸಾಮಿಲ್ಲಿನ ಮರದ ಹೊಟ್ಟು ತುಂಬಿ ಅದುಮಿ, ಸೀಸೆಯನ್ನು ತಿರುಗಿಸಿ ಮೇಲಕ್ಕೆಳೆದರು. ನಡುವೆ ಕೊಳವೆಯಂಥ ಒಂದು ತೂತು ಉಳಿಯಿತು. ಕೆಳಗಿನ ತೂತಿನಲ್ಲಿ ಒಂದು ಸೌದೆ ಚಕ್ಕೆ ಹೊತ್ತಿಸಿಟ್ಟರು. ಹೊಗೆಯಿಲ್ಲದೆ ಮೂರು ಗಂಟೆ ಉರಿಯಿತು. ಅನ್ನ ಎರಡು ಕುದಿ ಬರುತ್ತಲೇ ಇಳಿಸಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ಗೋಣಿ ಹೊದಿಸಿದರು. ಅದು ತಾನೇ ಬೆಂದಿತು. ದಿನಾ ಬೆಳಿಗ್ಗೆ ಸಿಲಿಂಡರಿಗೆ ಒದ್ದೆಬಟ್ಟೆ ಒರೆಸಿ, ಎಲ್ಲಿಂದ ಕೆಳಗೆ ತೇವ ನಿಧಾನವಾಗಿ ಆರುತ್ತದೋ ಅಲ್ಲಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಅಷ್ಟು ಗ್ಯಾಸು ಉಳಿದಿದೆ ಎಂದು ಅದರ ಅರ್ಥ. ಹದಿನೈದು ದಿನಕ್ಕೆ ಮುಗಿಯುತ್ತಿದ್ದದ್ದು ಎರಡು ತಿಂಗಳು ಬಂತು.

ಡಾಕ್ಟರು ಎಲ್ಲರೆದುರಿಗೆ, "ಏನ್ರೀ ಮೇಸ್ತ್ರಿ, ನೀವು ಬಸ್ಸು ಕಟ್ಟಿದ್ರಿ. ಅದನ್ನ ಮನೆ ಮಾಡಿದ್ದು ಇವರು ನೋಡಿ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದವನು ಹೆಂಡತಿ ಬಡಿಸಿದ ಮುದ್ದೆ ಬಿಟ್ಟು ಶೆಡ್ಡಿಗೆ ಹೋಗಿ ತಗಡು ಹುಡುಕಿದೆ.

ಮಾರನೇ ವಾರ ದಪ್ಪ ತಗಡಿನಲ್ಲಿ ಒಂದು ಹೊಟ್ಟಿನ ಒಲೆ ಮಾಡಿದೆ. ಹಿಡಿ, ಮುಚ್ಚಳ, ಮೂರು ಕಾಲು ಎಲ್ಲ ಇದ್ದ ಒಲೆ. ಅವರ ಡಬ್ಬ ಅದರ ಮುಂದೆ ಭಿಕ್ಷೆ ಬೇಡಬೇಕಿತ್ತು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಶಿಬಿರ ನಡೆದಿತ್ತು. ಒಲೆ ಹೊತ್ತುಕೊಂಡು ಅಲ್ಲಿಗೆ ಹೋಗುವ ಬಸ್ಸು ಹತ್ತಿದೆ.

ಅವತ್ತು ಸೀಮೆಸುಣ್ಣದ ಗೆರೆ ಸಿಲಿಂಡರಿನ ತಳಕ್ಕೆ ಇಳಿದಿತ್ತು, ಹೊಸದು ಬಂದಿರಲಿಲ್ಲ. ಸೂಜಿ ಒಂದು ಸಲ ಕುದಿಸುವಷ್ಟೇ ಉಳಿದಿತ್ತು. ಆರು ಜನ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬೆಂಚಿನ ಮೇಲೆ ಕಾಯುತ್ತಿದ್ದರು.

"ಅಡುಗೆಯಣ್ಣ, ಇವತ್ತು ನನ್ನ ಒಲೆಗೆ ನಾನೇ ಹೊಟ್ಟು ತುಂಬ್ತೀನಿ" ಎಂದೆ.

"ತುಂಬು ಮಾರಾಯ. ನನಗೂ ಬೆನ್ನು ನೋವು."

ಚೆನ್ನಾಗಿ ಅದುಮಿ ತುಂಬಿದೆ. ಸೀಸೆ ಎಳೆದ ಮೇಲೆ ಕೈ ತನ್ನಷ್ಟಕ್ಕೆ ಒಂದು ತಂತಿ ಎತ್ತಿಕೊಂಡು ಹೊಟ್ಟಿನ ಮೈತುಂಬ ಚುಚ್ಚಿತು. ಎರಕದ ಅಚ್ಚಿನ ಮರಳಿಗೆ ಹಾಗೆ ಚುಚ್ಚಬೇಕು, ಇಲ್ಲದಿದ್ದರೆ ಒಳಗಿನ ಆವಿ ಹೊರಗೆ ಬರದೆ ಅಚ್ಚು ಸಿಡಿಯುತ್ತದೆ. ಹತ್ತು ವರ್ಷ ಮಾಡಿದ ಕೆಲಸ ಅದು.

ಬೆಂಕಿ ಇಟ್ಟೆ. ಒಂದೊಂದು ತೂತಿನೊಳಗೂ ಬೆಂಕಿ ಹೊಕ್ಕು, ಹೊಟ್ಟೆಲ್ಲ ಒಮ್ಮೆಗೇ ಹತ್ತಿಕೊಂಡು ದಡಕ್ಕನೆ ಕುಸಿಯಿತು. ಹೊಗೆಯೋ ಹೊಗೆ. ಬೆಂಚಿನ ಮೇಲಿದ್ದವರು ಸೆರಗು, ಟವೆಲ್ಲು ಮುಖಕ್ಕೆ ಹಿಡಿದರು. ರೋಗಿಗಳ ಗಂಜಿ ಹಾಗೇ ತಣ್ಣಗೆ ಕೂತಿತ್ತು. ಅದನ್ನು ಗ್ಯಾಸಿನ ಮೇಲಿಟ್ಟರೆ ಸೂಜಿಗಿಲ್ಲ, ಆರು ಜನವೂ ವಾಪಸು.

ಡಾಕ್ಟರು ಕೆಮ್ಮುತ್ತಾ ಇಳಿದು ಬಂದರು. "ಯಾರ್ರೀ ತುಂಬಿದ್ದು ಇದನ್ನ?"

ನಾನು ಕೈಯಲ್ಲಿದ್ದ ತಂತಿಯನ್ನು ಬೆನ್ನ ಹಿಂದೆ ಹಿಡಿದೆ.

"ನಾನೇ ಸ್ವಾಮಿ" ಎಂದರು ಅಡುಗೆಯಣ್ಣ. "ಹೊಟ್ಟು ಹಸಿ ಇತ್ತು, ನೋಡ್ಲಿಲ್ಲ. ಅರ್ಧ ಗಂಟೆ ಕೊಡಿ."

"ಈ ವಯಸ್ಸಲ್ಲಿ ಇಂಥ ತಪ್ಪು ಮಾಡ್ತೀರಲ್ರೀ!" ಎಂದು ರೇಗಿ ಡಾಕ್ಟರು ಒಳಗೆ ಹೋದರು. ನಾನು ಸಾಮಿಲ್ಲಿಗೆ ಓಡಿ ಎರಡು ಗೋಣಿ ಹೊಟ್ಟು ತಂದೆ. ಅವರು ತಮ್ಮ ಹಳೇ ಡಬ್ಬಕ್ಕೆ ತುಂಬಿ ಹೊತ್ತಿಸಿದರು. ಗಂಜಿ ಬೆಂದಿತು, ಗ್ಯಾಸಿನ ಮೇಲೆ ಸೂಜಿ ಕುದಿಯಿತು, ಆರು ಜನರ ಆಪರೇಷನ್ನೂ ಆಯಿತು.

ಸಂಜೆ ನನಗೆ ಕಾಫಿ ಕೊಡುತ್ತಾ, "ಅಚ್ಚಿನ ಮರಳಿಗೆ ಮೈಯೆಲ್ಲ ಮೂಗಿರಬೇಕು ಮೇಸ್ತ್ರಿ, ಹೊಟ್ಟಿಗೆ ನಡುವಿನದೊಂದೇ ಸಾಕು. ಒಲೆ ಮಾತ್ರ ನಿಂದೇ ಚೆನ್ನಾಗಿದೆ" ಎಂದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಕಾಫಿಯೂ ಚೆನ್ನಾಗಿತ್ತು, ಹಾಳಾದ್ದು.

ಮರುದಿನದಿಂದ ಅವರು ನನ್ನ ಒಲೆಯಲ್ಲೇ ಅಡುಗೆ ಮಾಡಿದರು. ನೋಡಿದವರೆಲ್ಲ ಒಲೆಯನ್ನು ಹೊಗಳುತ್ತಿದ್ದರು. ಡಾಕ್ಟರಿಗೆ ಮಾತ್ರ ನಾನು ನಿಜ ಹೇಳಲಿಲ್ಲ, ವರ್ಷಗಟ್ಟಲೆ ಹೇಳಲಿಲ್ಲ. ಅಡುಗೆಯಣ್ಣ ದೊಡ್ಡವರಾದರೆಂಬ ಸಂಕಟ ಒಂದು ಕಡೆ, ನಾನು ಚಿಕ್ಕವನಾದೆನೆಂಬ ಸಂಕಟ ಇನ್ನೊಂದು ಕಡೆ.

ಅವರು ತೀರಿಕೊಂಡದ್ದು ಜ್ವರ ಬಂದು, ನಾಲ್ಕೇ ದಿನದಲ್ಲಿ. ಓಲ್ಡ್ ಟೌನಿನ ಅವರ ಮನೆ ಮುಂದೆ ಜನ ತುಂಬಿದ್ದರು. ಕನ್ನಡಕ ಹಾಕಿದ ಮುದುಕರೇ ಎಷ್ಟೋ ಮಂದಿ. ಡಾಕ್ಟರು ಕಣ್ಣೊರೆಸಿಕೊಂಡು, "ಇಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು ಮಾಡಿದ್ರು ಈ ಮನುಷ್ಯ. ಆ ಹಸಿ ಹೊಟ್ಟಿನ ದಿನ. ನಾನು ಜನರೆದುರಿಗೇ ರೇಗಿಬಿಟ್ಟೆ" ಎಂದರು.

ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಬಂತು. "ಹೊಟ್ಟು ಹಸಿ ಇರಲಿಲ್ಲ ಡಾಕ್ಟ್ರೇ. ತುಂಬಿದ್ದು ನಾನು" ಎಂದೆ. ಅಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಡಾಕ್ಟರು ನನ್ನನ್ನು ನೋಡಿ, ಆಮೇಲೆ ಮಲಗಿಸಿದ್ದ ಅಡುಗೆಯಣ್ಣನ ಮುಖದ ಕಡೆ, ಆ ಅರ್ಧ ಹುಬ್ಬಿನ ಕಡೆ ತಿರುಗಿ ಕೈಮುಗಿದರು.

ಅವರ ಮೇಲಿದ್ದ ಆ ಒಂದು ತಪ್ಪನ್ನೂ ನಾನೇ ಇಳಿಸಿಬಿಟ್ಟೆ. ಈಗ ಅವರ ಹೆಸರಿನಲ್ಲಿ ಒಂದೂ ಇಲ್ಲ. ನಿಜ ಹೇಳಬೇಕೆಂದರೆ, ಅದಕ್ಕೂ ನನಗೆ ಹೊಟ್ಟೆಯುರಿಯೇ.