ಹಮೀದಾಕನ ಮನೆಯಲ್ಲಿ ನಾವು

ಕಾವೂರಿನ ನಮ್ಮ ಮನೆಯ ಗೇಟಿನ ಕಂಬಕ್ಕೆ ‘ಸುಮತಿ’ ಎಂಬ ಗ್ರಾನೈಟ್ ಫಲಕ ಕೂರಿಸಿದ ಶುಭಮುಹೂರ್ತದಲ್ಲಿ ಅಲ್ಲಿದ್ದವರು ನಾಲ್ವರು: ಆ ಹೆಸರಿನ ಒಡತಿಯಾದ ನನ್ನ ಹೆಂಡತಿ, ಪುಂಖಾನುಪುಂಖವಾಗಿ ಸಲಹೆ ಕೊಡುತ್ತಿದ್ದ ನಾನು, ಅದಕ್ಕೆ ಕಿವಿಗೊಡದ ಮೇಸ್ತ್ರಿ, ಮತ್ತು ಮನೆಯನ್ನು ನಮಗೆ ಮಾರಿ ಬಂದರಿನ ಕಡೆ ಹೋಗಿ ನೆಲೆಸಿದ್ದ, ಊರೆಲ್ಲ ‘ಹಮೀದಾಕ’ ಎಂದೇ ಕರೆಯುವ ಹಿರಿಯರು. ಕೊನೆಯ ಸ್ಕ್ರೂ ಬಿಗಿಯುವಷ್ಟರಲ್ಲಿ ಮೀನಿನ ಸ್ಕೂಟರಿನವನು ಹಾರ್ನ್ ಬಾರಿಸುತ್ತ ಬಂದು, ಫಲಕದ ಎದುರೇ ಕಾಲೂರಿ ಕೂಗಿದ: “ಅಕ್ಕಾ, ಹಮೀದಾಕನ ಮನೆಗೆ ಇವತ್ತು ಬಂಗುಡೆ ಬೇಡ್ವಾ?”

ಮನೆ ಕೊಳ್ಳುವುದೆಂದರೆ ಏನೆಂದು ನೀವು ತಿಳಿದಿದ್ದೀರೋ ನಾನರಿಯೆ. ನೋಂದಣಿ ಕಚೇರಿಯಲ್ಲಿ ಹೆಬ್ಬೆರಳೊತ್ತಿ, ಕ್ಯಾಮೆರಾದ ಮುಂದೆ ಅಪರಾಧಿಯಂತೆ ಮುಖವೊಡ್ಡಿ, ಗಣಹೋಮ ಮಾಡಿಸಿ ಹಾಲುಕ್ಕಿಸಿದರೂ ಊರಿನ ಬಾಯಲ್ಲಿ ಖಾತೆ ಬದಲಾಗುವುದಿಲ್ಲ. ರಿಕ್ಷಾದವರಿಗೆ, ಗ್ಯಾಸಿನವರಿಗೆ, ಸ್ವಂತ ನೆಂಟರಿಗೆ ಕೂಡ ನಾವು ಹಮೀದಾಕನ ಮನೆಯಲ್ಲಿರುವವರು. ನಾನಂತೂ ಒಮ್ಮೆ ಫೋನಿನಲ್ಲಿ ದಾರಿ ಹೇಳುತ್ತ, “ಕೆರೆ ದಾಟಿ ಎಡಕ್ಕೆ, ಹಮೀದಾಕನ ಮನೆ” ಎಂದುಬಿಟ್ಟು, ಆ ದಿನ ಉಪ್ಪಿಲ್ಲದ ಸಾರನ್ನು ಸಂಪಾದಿಸಿದೆ.

ಸುಮತಿಯ ಸಂಕಟ ಸುಮ್ಮನೆ ಹುಟ್ಟಿದ್ದಲ್ಲ. ಅವಳದು ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆತನ. ಅಜ್ಜಿಯ ಹೆಸರು ಹೇಳಿದರೆ ಸಾಕು, ಊರೇ ಮನೆ ತೋರಿಸುತ್ತಿದ್ದ ಕಾಲವನ್ನು ಕಂಡವಳು. ನನ್ನ ಕೈ ಹಿಡಿದ ತಪ್ಪಿಗೆ ಬಾಡಿಗೆಮನೆಯಿಂದ ಬಾಡಿಗೆಮನೆಗೆ ಪಾತ್ರೆ ಸಾಗಿಸಿದವಳು, ಕೊನೆಗೊಂದು ಸ್ವಂತ ಸೂರು ಸಿಕ್ಕಾಗ ನಾಲ್ಕು ಜನ ಅದನ್ನು ತನ್ನ ಹೆಸರಿನಿಂದ ಕರೆಯಲೆಂದು ಬಯಸಿದ್ದು ಅತ್ಯಾಶೆಯೇ?

ಅಂದು ಫಲಕದೆದುರು ಅವಳ ಮುಖ ಕಂಡು ಹಮೀದಾಕನೇ ನೊಂದುಕೊಂಡರು. “ಎಂತ ಮಾಡುದು ತಂಗೀ? ನಾನು ಗಲ್ಫಿನಲ್ಲಿ ಬೆವರು ಸುರಿಸಿ ಕಟ್ಟಿದ ಮನೆ ಇದು. ನಾನಿದ್ದಷ್ಟು ದಿನ ಎಲ್ಲರೂ ‘ಶೆಟ್ರ ಜಾಗ’ ಅಂತಲೇ ಹೇಳ್ತಿದ್ದದ್ದು. ಜಾಗ ಮಾರಿದ ಶೆಟ್ರು ಇಲ್ಲಿ ಒಂದು ಕಲ್ಲು ಇಟ್ಟವರಲ್ಲ!”

“ಹಾಗಾದ್ರೆ ನಾವು ನಿಮಗೆ ಬಾಡಿಗೆ ಕೊಡ್ಬೇಕಾ?” ಎಂದಳು ಸುಮತಿ.

“ಕೊಟ್ರೆ ಬೇಡ ಅನ್ನುದಿಲ್ಲ” ಎಂದರು ಹಮೀದಾಕ.

ನಮ್ಮ ನೆರೆಹೊರೆಯ ಪರಿಯೇ ಅದು. ಎಂದೋ ಕಡಿದುಹಾಕಿದ ಹಲಸಿನ ಮರದ ಬುಡದಲ್ಲಿ ಈಗಲೂ ಬಸ್ಸು ನಿಲ್ಲುತ್ತದೆ. ಸ್ವರ್ಗದರ್ಶನದ ಭರವಸೆಯ ಇಂಗ್ಲಿಷ್ ಹೆಸರು ಹೊತ್ತ ವಸತಿ ಸಮುಚ್ಚಯದಿಂದ ಕಾಣುವುದು ಎದುರು ಸಮುಚ್ಚಯದವರ ಒಣಗಲು ಹಾಕಿದ ಬನಿಯನುಗಳು; ಆ ಸ್ವರ್ಗವನ್ನು ಜನ ಕರೆಯುವುದು ‘ದನದ ಹಟ್ಟಿ ಇದ್ದಲ್ಲಿ’ ಎಂದು. ಇರುವುದಕ್ಕಿಂತ ಇದ್ದುದಕ್ಕೇ ಇಲ್ಲಿ ಗುರುತು ಹೆಚ್ಚು.

ವರ್ಷಗಳು ಕಳೆದವು. ಫಲಕಕ್ಕೆ ಪಾಚಿ ಹಿಡಿಯಿತು, ನನ್ನ ಮೊಣಕಾಲಿಗೆ ವಾತ. ಮೆಟ್ಟಿಲೂ ಬೇಡ, ವೈದ್ಯರೂ ಹತ್ತಿರವಿರಲೆಂದು ಮನೆಯನ್ನು ಒಬ್ಬ ಹಲ್ಲಿನ ಡಾಕ್ಟರರಿಗೆ ಮಾರಿ, ಕಂಕನಾಡಿಯ ನೆಲಮಹಡಿಯ ಫ್ಲ್ಯಾಟಿಗೆ ಬಂದೆವು.

ಮರುವರ್ಷ ಡಾಕ್ಟರರ ಮಗುವಿನ ಹುಟ್ಟುಹಬ್ಬಕ್ಕೆ ಕರೆ ಬಂತು. ಕಾವೂರಿನಲ್ಲಿ ಬಸ್ಸಿಳಿದು ರಿಕ್ಷಾ ಕೇಳಿದೆವು. ಇನ್ನೊಬ್ಬರ ಮನೆಯ ಮರ್ಯಾದೆ ಕಾಯುವ ಹೊಣೆಯನ್ನು ತಾನೇ ಹೊತ್ತವಳಂತೆ ಸುಮತಿ ಬಿಡಿಸಿ ಬಿಡಿಸಿ ಹೇಳಿದಳು: “ಹಲ್ಲಿನ ಡಾಕ್ಟ್ರ ಮನೆಗೆ.”

“ಯಾವ ಡಾಕ್ಟ್ರು? ನಂಗೆ ಗೊತ್ತಿಲ್ಲಪ್ಪ.”

“ಕೆರೆ ದಾಟಿ ಎಡಕ್ಕೆ, ಮೂಲೆಯಲ್ಲಿ ಉಂಟಲ್ಲ…”

“ಓ! ಸುಮತಿಯಕ್ಕನ ಮನೆ ಅಂತ ಹೇಳ್ಬಾರ್ದಾ? ಕೂತ್ಕೊಳ್ಳಿ.”

ಸುಮತಿ ಕೂತಳು. ತಾನು ಯಾರೆಂದು ಹೇಳಲಿಲ್ಲ; ಹೇಳಹೊರಟ ನನ್ನ ತೊಡೆಯನ್ನು ಚಿವುಟಿದಳು. ರಿಕ್ಷಾ ಕೆರೆಯ ಬದಿಗೆ ತಿರುಗಿದಾಗ ಮುಂದಕ್ಕೆ ಬಾಗಿ, “ಸ್ವಲ್ಪ ನಿಧಾನ ಹೋಗು ಮಾರಾಯ” ಎಂದಳು.