ಹೊಲ ಎಷ್ಟೈತಿ, ಅಣ್ಣತಮ್ಮರು ಎಷ್ಟು ಮಂದಿ

ಅರವತ್ತರ ದಶಕದ ಮಾತು. ಒಕ್ಕಲು ಮನೆತನಗಳ ಆದಾಯ ನನ್ನ ಪಿಎಚ್.ಡಿ. ವಿಷಯ. ಅದಕ್ಕಾಗಿ ಬಬಲೇಶ್ವರದ ಹತ್ತಿರದ ಜೈನಾಪುರಕ್ಕೆ ಹೋಗಿ, ಮಲ್ಲಪ್ಪ ಎಂಬ ರೈತನ ಕಟ್ಟೆಯ ಮೇಲೆ ಕುಳಿತು ಹೊಲ ಎಷ್ಟಿದೆ ಎಂದು ಕೇಳಿದೆ. ಹೆಚ್ಚಿಗೆ ಇದ್ದವರ ಜಮೀನನ್ನು ಸರಕಾರ ಕಸಿದುಕೊಳ್ಳುತ್ತದೆ ಎಂಬ ಸುದ್ದಿ ಆಗ ಊರೂರಲ್ಲಿತ್ತು. ಮಲ್ಲಪ್ಪ ನನ್ನ ಬೂಟು ನೋಡಿ, ಇವನು ಸರಕಾರದವನೇ ಎಂದುಕೊಂಡ.

"ಎಲ್ಲಿ ಹೊಲಾರಿ. ನಾಕ ಎಕರೆ, ಅದೂ ಬರೇ ಕಲ್ಲ."

ಅಣ್ಣತಮ್ಮಂದಿರು ಎಷ್ಟು, ಬಾವಿಗೆ ನೀರಿದೆಯೇ, ಮಗ ಎಷ್ಟು ಓದಿದ್ದಾನೆ ಎಂದು ಮುಂದುವರಿಸಿದೆ. ಮಗನ ಮಾತು ಬಂದದ್ದೇ ಅವನ ಕಣ್ಣುಗಳು ಸಣ್ಣಗಾದವು.

"ಕನ್ಯಾದ ಕಡಿಯಾವ್ರ ಏನ್ರಿ ನೀವು? ಖರೇ ಹೇಳ್ರಿ."

"ಅಲ್ರಿ, ನಾ ಕಾಲೇಜಿನಾವ."

"ಮೊದಲಿಗೇ ಯಾರೂ ಹೌದ ಅನ್ನಂಗಿಲ್ಲ ಬಿಡ್ರಿ," ಎಂದು ಒಳಗೆ ಚಹಾಕ್ಕೆ ಹೇಳಿ, ಹತ್ತಿರ ಸರಿದು ಕುಳಿತ. "ಬರಕೋರಿ. ಇಪ್ಪತ್ತ ಎಕರೆ, ಎಲ್ಲಾ ಕರೀ ಎರಿ ಭೂಮಿ."

ಎರಡರಲ್ಲಿ ಖರೇ ಯಾವುದು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಮೂರನೆಯದೊಂದು ಬರುತ್ತಿತ್ತು.

ಪದವಿ ಸಿಕ್ಕ ಮೇಲೆ ವಿಜಾಪುರದ ಕಾಲೇಜೊಂದಕ್ಕೆ ಅರ್ಥಶಾಸ್ತ್ರದ ಲೆಕ್ಚರರ್ ಕೆಲಸದ ಸಂದರ್ಶನಕ್ಕೆ ಹೋದೆ. ಆಡಳಿತ ಮಂಡಳಿಯ ಅಧ್ಯಕ್ಷರು ನನ್ನ ದಪ್ಪ ಪ್ರಬಂಧವನ್ನು ಮುಟ್ಟಲೂ ಇಲ್ಲ.

"ಊರಾಗ ಹೊಲಾ ಎಷ್ಟೈತಿ? ಅಣ್ಣತಮ್ಮರು ಎಷ್ಟ ಮಂದಿ? ಮದುವಿ ಆಗೇತೇನು?"

ಇವರು ಹುಡುಕುತ್ತಿರುವುದು ಲೆಕ್ಚರರನನ್ನೋ, ಅಳಿಯನನ್ನೋ? ಮೇಜಿನ ಮರೆಯಲ್ಲಿ ಅವರ ಬೂಟು ಕಾಣುತ್ತಿರಲಿಲ್ಲ. ಹೀಗಾಗಿ ಹೊಲ ಏರಿಸಿ ಹೇಳಬೇಕೋ, ಇಳಿಸಿ ಹೇಳಬೇಕೋ ನನಗೆ ಕಡೆಗೂ ತಿಳಿಯಲಿಲ್ಲ.