ಎಡಗಡೆಯ ಗುಂಡುಗಳು

ಕಳೆದ ವಾರ ತಿಜೋರಿಯ ಕೆಳಗಿನ ಖಾನೆ ಖಾಲಿ ಮಾಡುವಾಗ ನನ್ನ ಹಳೆಯ ಮೊಬೈಲು ಸಿಕ್ಕಿತು. ಪರದೆಯ ಮೂಲೆ ಬಿರುಕು ಬಿಟ್ಟಿದೆ, ಚಾರ್ಜ್ ಆಗುವುದಿಲ್ಲ. ಆದರೆ ಅದರ ರಬ್ಬರ್ ಕವರಿನಿಂದ ತಂಬಾಕಿನ ಘಾಟು ಇನ್ನೂ ಹೋಗಿಲ್ಲ. ನಿಪ್ಪಾಣಿಯಲ್ಲಿ ಹುಟ್ಟಿದವರಿಗೆ ಆ ಘಾಟು ಹೊಸದೇನಲ್ಲ. ಆದರೂ ಈ ಕವರಿಗೆ ಅದನ್ನು ಹತ್ತಿಸಿದ ಬೆರಳುಗಳು ಯಾರವು ಎಂದು ನನಗೆ ಗೊತ್ತು. ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ...

ಪಕ್ಕದ ಮನೆಯ ಕಾಕಾ ಬೀಡಿ ಕಂಪನಿಯೊಂದರ ಬ್ರಾಂಚಿನಲ್ಲಿ ಚೆಕ್ಕರ್ ಆಗಿದ್ದರು. ಹೆಂಗಸರು ಮನೆಯಲ್ಲಿ ಕಟ್ಟಿ ತಂದ ಬೀಡಿಗಳನ್ನು ನೋಡಿ, ಕೆಟ್ಟವನ್ನು ಆರಿಸಿ ಬಿಸಾಡುವ ಕೆಲಸ. ಬೇರೆ ಚೆಕ್ಕರುಗಳು ಬಿಸಾಡಿ ಸುಮ್ಮನಾಗುತ್ತಿದ್ದರು. ಕಾಕಾ ಹಾಗಲ್ಲ. ಸಡಿಲ ಬೀಡಿ ಹೆಚ್ಚಾದರೆ ಬೀಡಿಯನ್ನು ಬಿಟ್ಟು ತಂದವಳ ಕೈ, ಬೆರಳು ನೋಡುತ್ತಿದ್ದರು. "ಬಳ್ಳ ಬಾತೈತೇನವಾ? ಮದ್ಲ ದವಾಖಾನಿಗೆ ಹೋಗ" ಎನ್ನುತ್ತಿದ್ದರು. ಬೈಸಿಕೊಳ್ಳಲು ಸಿದ್ಧವಾಗಿ ಬಂದವಳು ಕಣ್ಣೊರೆಸಿಕೊಂಡು ಹೋಗುತ್ತಿದ್ದಳಂತೆ.

ಬ್ರಾಂಚಿನ ಕೆಲಸ ವಾರಕ್ಕೆ ಮೂರು ದಿನಕ್ಕೆ ಇಳಿದ ಮೇಲೆ ಕಾಕಾ ಸಂಜೆ ನಮ್ಮ ಕಟ್ಟೆಗೆ ಬಂದು ಕೂರತೊಡಗಿದರು. ನಾನಾಗ ಬಿ.ಕಾಂ. ಎರಡನೇ ವರ್ಷ. ಓದುವುದು ಹೆಸರಿಗೆ, ಅಣ್ಣನ ಜೊತೆ ಮೊಬೈಲಿನಲ್ಲಿ ಬಂದೂಕಿನ ಆಟ ಆಡುವುದೇ ನಿಜವಾದ ಉದ್ಯೋಗ. ಮೂವರ ತಂಡ ಒಂದು ದ್ವೀಪದಲ್ಲಿ ಇಳಿಯಬೇಕು, ಉಳಿದ ತಂಡಗಳನ್ನೆಲ್ಲ ಹೊಡೆದು ಕೊನೆಯವರೆಗೆ ಬದುಕಬೇಕು. ಮೂರನೆಯವರಾಗಿ ಯಾರೋ ಗುರುತಿಲ್ಲದವರು ಸೇರುತ್ತಿದ್ದರು, ನಾವು ಶಿಸ್ತಾಗಿ ಸೋಲುತ್ತಿದ್ದೆವು. ಆಟ ಮುಗಿದಾಗ ಬರುವ ಅಂಕಿಗಳಲ್ಲಿ ಎಷ್ಟು ಜನರನ್ನು ಹೊಡೆದೆವು ಎಂಬುದನ್ನಷ್ಟೇ ನೋಡಿ ಬೀಗುತ್ತಿದ್ದೆವು.

"ಎಷ್ಟ ಮಂದೀನ ಹೊಡದ್ರಿ ಅನ್ನೂದ ಬಿಡ್ರಿ. ಎಲ್ಲಿ ಸತ್ರಿ, ಹೆಂಗ ಸತ್ರಿ, ಅದನ್ನ ಬರೀರಿ" ಎಂದರು ಕಾಕಾ ಒಂದು ದಿನ.

ನಾನು ವಹಿಯಲ್ಲಿ ಗೆರೆ ಎಳೆದೆ. ಪ್ರತಿ ಸಾವಿಗೂ ಒಂದು ಸಾಲು: ಜಾಗ, ದೂರ, ಗುಂಡು ಬಂದ ದಿಕ್ಕು. ರೆಕಾರ್ಡ್ ಆದ ಆಟವನ್ನು ಮತ್ತೆ ಹಾಕಿ ನೋಡಿ ತುಂಬುತ್ತಿದ್ದೆ. ಎರಡು ತಿಂಗಳಲ್ಲಿ ನಮ್ಮ ಬಂಡವಾಳ ಬಯಲಾಯಿತು. ಅಣ್ಣ ಸಾಮಾನಿನ ಪೆಟ್ಟಿಗೆ ಕಂಡಲ್ಲೆಲ್ಲ ಓಡಿಹೋಗಿ ಸಾಯುತ್ತಿದ್ದ, ನಾನು ಬಯಲಲ್ಲಿ ನಿಂತು ಬಂದೂಕು ತುಂಬಿಕೊಳ್ಳುತ್ತ ಸಾಯುತ್ತಿದ್ದೆ. ತಿದ್ದಿಕೊಂಡೆವು, ಗೆಲ್ಲತೊಡಗಿದೆವು. ಅಪ್ಪ ನನಗೆ ಹೊಸ ಮೊಬೈಲು ಕೊಡಿಸಿದ ಮೇಲೆ ಹಳೆಯದನ್ನು ಕಾಕಾ ತೆಗೆದುಕೊಂಡು ನಮ್ಮ ಮೂರನೆಯವರಾದರು. ಐವತ್ತೈದು ದಾಟಿದವರು ಅಷ್ಟು ತಾಳ್ಮೆಯಿಂದ ಗುರಿ ಹಿಡಿಯುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಮೊದಮೊದಲು ಕಾಕಾನ ಸಾಲುಗಳಲ್ಲಿ ಗುಂಡು ಎಲ್ಲ ದಿಕ್ಕಿನಿಂದಲೂ ಬರುತ್ತಿತ್ತು. ದಸರೆಯ ಹೊತ್ತಿಗೆ ಹತ್ತು ಸಾವಿನಲ್ಲಿ ಆರು ಎಡಗಡೆಯಿಂದ ಬಂದವು. ದೀಪಾವಳಿಗೆ ಒಂಬತ್ತು. ಇಷ್ಟು ಸ್ಪಷ್ಟವಾದ ದೋಷ ಕಂಡುಹಿಡಿದೆನೆಂದು ನನಗೆ ಎಂಥ ಹೆಮ್ಮೆ!

"ಕಾಕಾ, ನಿಮ್ಮ ಎಡಗಡಿ ಭಾಳ ವೀಕ್ ಐತ್ರಿ" ಎಂದೆ.

"ಎಡಗೈ ಹೆಬ್ಬಟ್ಟ ಅಡ್ಡ ಬರತೈತಿ ಬಾಳಾ. ಆ ಕಡಿ ಎಲ್ಲಾ ಮುಚ್ಚಿದಂಗ ಆಗತೈತಿ" ಎಂದರು ಅವರು. ಕಾಕಾ, ಕಾಕಿ ಇಬ್ಬರಿಗೂ ನಾನು ಯಾವಾಗಲೂ 'ಬಾಳಾ', ಅಂದರೆ ಮಗು.

ಮುಚ್ಚಿದ ಹಾಗೆ... ಆ ಮಾತಿಗೆ ನಾನು ಸರಿ ಎಂದೆ. ನನಗೆ ಗೊತ್ತಿದ್ದ ಪರಿಹಾರ ಒಂದೇ: ಆಟದುದ್ದಕ್ಕೂ ನಾನು ಅವರ ಎಡಕ್ಕೆ ನಿಲ್ಲುವುದು. ಎಡದಿಂದ ಬಂದವರನ್ನು ನಾನು ನೋಡಿಕೊಂಡೆ, ಅವರ ಸಾವುಗಳು ಇಳಿದವು.

ಅದೇ ದಿನಗಳಲ್ಲಿ ಬ್ರಾಂಚಿನಲ್ಲೂ ಒಂದು ಸಂಗತಿ ನಡೆಯುತ್ತಿತ್ತು. ಕಾಕಾ ನೋಡಿ ಪಾಸು ಮಾಡಿದ ಬೀಡಿಗಳಲ್ಲಿ ಕೆಟ್ಟವು ಉಳಿಯುತ್ತಿದ್ದವು, ಅವೂ ತಟ್ಟೆಯ ಒಂದೇ ಮಗ್ಗುಲಲ್ಲಿ. ಅದಕ್ಕೆ ಮ್ಯಾನೇಜರು ಗೇಲಿ ಮಾಡಿದ್ದನ್ನು ಕಾಕಾನೇ ನಗುತ್ತ ಹೇಳಿದರು. ನಾನೂ ನಕ್ಕೆ. ಅದನ್ನು ಬರೆಯಲು ನನ್ನ ವಹಿಯಲ್ಲಿ ಜಾಗವಿರಲಿಲ್ಲ. ಕೆಟ್ಟ ಬೀಡಿ ಕಂಡರೆ ಕೈ ನೋಡಬೇಕು ಎಂಬುದನ್ನು ಅವರಿಂದಲೇ ಕೇಳಿದ್ದ ನಾನು, ಒಂದು ದಿನವೂ ಅವರ ಕಣ್ಣು ನೋಡಲಿಲ್ಲ.

ಅಥಣಿಯಲ್ಲಿ ಪಂದ್ಯಾವಳಿ ಇತ್ತು. ದಿನವಿಡೀ ಆಡಿದೆವು, ಮೂರನೇ ಸ್ಥಾನ ಬಂತು. ಅಂದು ಕಾಕಾನಿಗೆ ಎಡದಿಂದ ಬಿದ್ದದ್ದು ಒಂದೇ ಗುಂಡು. ವಹಿ ತೋರಿಸಿದೆ. "ಬರೋಬರ್ ಆತ ನೋಡ, ರೋಗ ವಾಸಿ ಆತ" ಎಂದು ತಲೆ ಸವರಿದರು. ಬಸ್ ಸ್ಟ್ಯಾಂಡಿನಲ್ಲಿ ನಡೆಯುವಾಗ ಎಡಕ್ಕಿದ್ದ ಬಾಳೆಹಣ್ಣಿನ ಗಾಡಿಗೆ ನೇರವಾಗಿ ಹೋಗಿ ಬಡಿದರು. ಅಣ್ಣ, "ತಂಗಿ ಎಡಕ್ಕ ಇರ್ಲಿಲ್ಲಂದ್ರ ಕಾಕಾನ ಆಟ ಮುಗೀತ ನೋಡ್ರಿ" ಎಂದ. ಮೂವರೂ ನಕ್ಕೆವು, ಗಾಡಿಯವನೂ ನಕ್ಕ.

ಅದಾಗಿ ಇಪ್ಪತ್ತು ದಿನ ಆಗಿತ್ತು. ಕಬ್ಬಿನ ಹಂಗಾಮು, ಮಟಮಟ ಮಧ್ಯಾಹ್ನ. ಚಿಕ್ಕೋಡಿ ರಸ್ತೆಯಲ್ಲಿ ಕಾಕಾ ಮೊಪೆಡ್ ಮೇಲೆ ಹೋಗುತ್ತಿದ್ದರು. ಎಡಗಡೆಯ ಹೊಲದ ದಾರಿಯಿಂದ ಕಬ್ಬು ಹೇರಿದ ಟ್ರ್ಯಾಕ್ಟರು ರಸ್ತೆಗೆ ಹತ್ತಿತು. ಚಾಲಕ ದವಾಖಾನೆಯ ಬಾಗಿಲಲ್ಲಿ ಕೂತಿದ್ದ. "ಹಾರ್ನ್ ಹೊಡದೇನ್ರಿ. ಕಾಕಾ ಬಲಕ್ಕ ನೋಡಿದ್ರು, ನನ್ನ ಕಡಿ ತಿರಗ್ಲೇ ಇಲ್ಲ" ಎಂದು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. ಯಾರೂ ಅವನನ್ನು ನಂಬಲಿಲ್ಲ. ನಾನು ನಂಬಿದೆ. ಅಣ್ಣ ನನ್ನ ಮುಖ ನೋಡಲಿಲ್ಲ, ನಾನೂ ಅವನದನ್ನು ನೋಡಲಿಲ್ಲ.

ಕಾಕಾನ ದಿನಕರ್ಮ ಮುಗಿದ ಮೇಲೆ ಕಾಕಿ ಮೊಬೈಲು ವಾಪಸು ಕೊಡಲು ಬಂದರು. ಕೊಟ್ಟವರು ಹೋಗದೆ ಹೊಸ್ತಿಲಲ್ಲೇ ಕೂತರು.

"ತಾಟಿನಾಗ ಎಡಕ್ಕ ಹಾಕಿದ ಪಲ್ಯಾ ಹಂಗ ಬಿಟ್ಟ ಏಳತಿದ್ರು ಬಾಳಾ. ರುಚಿ ಆಗಿಲ್ಲ ಅಂತ ನಾ ಸಿಟ್ಟ ಮಾಡ್ತಿದ್ದೆ. ಕಣ್ಣ ಹೋಗಾಕತ್ತಿತ್ತೋ ಏನೋ... ದಿನಾ ನಿಮ್ಮ ಕೂಡ ಕೂಡತಿದ್ರಲ್ಲ, ನಿನಗೇನರ ಗೊತ್ತಾಗಿತ್ತೇನ?"

"ಇಲ್ರಿ ಕಾಕಿ" ಎಂದೆ.

ಮೂರು ತಿಂಗಳ ಲೆಕ್ಕ ತಾರೀಖು ಸಮೇತ ನನ್ನ ವಹಿಯಲ್ಲಿತ್ತು. ಅಂದೇ ಸಂಜೆ ಅದನ್ನು ಬಚ್ಚಲ ಒಲೆಗೆ ಹಾಕಿದೆ. ಆಮೇಲೆ ಅಣ್ಣನಾಗಲಿ ನಾನಾಗಲಿ ಆ ಆಟ ಆಡಿಲ್ಲ.

ಇದೆಲ್ಲ ಆಗಿ ಆರು ವರ್ಷ. ಕಾಕಿ ಈಗಲೂ ಪಕ್ಕದ ಮನೆಯಲ್ಲೇ ಇದ್ದಾರೆ, ವಾರಕ್ಕೊಮ್ಮೆ ನನ್ನನ್ನು ಚಹಾಕ್ಕೆ ಕರೆಯುತ್ತಾರೆ. ಕಾಕಾ ಇಲ್ಲದ ಆ ಮನೆಯಲ್ಲಿ ಕೂರುವುದು ಈಗಲೂ ಕಷ್ಟ. ಹೇಳಿಬಿಡಬೇಕೆಂದು ಪ್ರತಿ ಸಲ ಹೋಗುತ್ತೇನೆ. ಮೊನ್ನೆಯೂ ಹೋಗಿದ್ದೆ. ಕಪ್ಪು ನನ್ನ ಮುಂದಿಟ್ಟು ಕಾಕಿ, "ತಾಟ ನೋಡಿದಾಕಿ ನಾನ ಬಾಳಾ. ನನಗ ತಿಳೀಬೇಕಿತ್ತ, ತಪ್ಪ ನಂದ ಐತಿ" ಎಂದರು.

ನಾನು ಚಹಾ ಕುಡಿದು ಎದ್ದು ಬಂದೆ.